ಪಾಸಾದ ನಲವತ್ತೊಂದು ಮಂದಿ

ಸಿಸ್ಟರ್ ಮುಖದಲ್ಲಿ ಬಾಯಿಗಿಂತ ಕಣ್ಣಿಗೇ ಕೆಲಸ ಜಾಸ್ತಿ. ಇದು ಹುಟ್ಟಿನಿಂದ ಬಂದ ಗುಣವಲ್ಲ, ನೌಕರಿಯಿಂದ ಅಂಟಿಕೊಂಡದ್ದು. ಮೂವತ್ತನಾಲ್ಕು ವರ್ಷ ಅವರು ಹೃದಯದ ಆಪರೇಶನ್ ಆದವರನ್ನು ತಂದು ಮಲಗಿಸುವ ವಾರ್ಡಿನಲ್ಲಿ ನರ್ಸ್ ಆಗಿದ್ದರು. ಅಲ್ಲಿಗೆ ಬಂದವರ ಗಂಟಲಲ್ಲಿ ಮೊದಲ ಒಂದೆರಡು ದಿನ ಕೊಳವೆ ಇರುತ್ತದೆ, ಮಾತಾಡುವ ಹಾಗಿಲ್ಲ. ಇತ್ತ ನರ್ಸಿನ ಮೂಗು ಬಾಯಿ ಎಲ್ಲ ಮಾಸ್ಕಿನೊಳಗೆ. ಹೀಗಾಗಿ ನೋವೆಲ್ಲಿ, ಹೆಂಡತಿ ಹೊರಗಿದ್ದಾಳೆಯೇ, ನಾನು ಬದುಕಿದ್ದೇನೆಯೇ ಎಂಬ ಸಮಸ್ತ ವ್ಯವಹಾರವೂ ಕಣ್ಣಿನಲ್ಲೇ ಮುಗಿಯಬೇಕು. ಸಿಸ್ಟರ್ ಇದರಲ್ಲಿ ಎಷ್ಟು ಪಳಗಿದ್ದರೆಂದರೆ, ಅವರು ಮಂಚದ ಎಡಗಡೆಗೆ ನೋಡಿದರೆ ರೋಗಿ ಎಡಕ್ಕೆ ಹೊರಳಲು ತಯಾರಾಗುತ್ತಿದ್ದ. ದೊಡ್ಡ ಡಾಕ್ಟರು ಕೂಡ ಏನಾದರೂ ಎಡವಟ್ಟು ಮಾಡುವ ಮೊದಲು ಒಮ್ಮೆ ಸಿಸ್ಟರ್ ಕಣ್ಣಿನ ಕಡೆ ನೋಡಿಕೊಳ್ಳುತ್ತಿದ್ದರು.

ಮನೆಯಲ್ಲೂ ಇದೇ ಆಡಳಿತ. ಗಂಡ ಟೈಲರ್, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ನೆಂಟರ ಮನೆಗೆ ಹೋದಾಗ ಆತ ಮೂರನೇ ಸಲ ಸಿಹಿಗೆ ಕೈ ಚಾಚಿದರೆ ಸಿಸ್ಟರ್ ಹುಬ್ಬು ಒಂದು ಎಳೆಯಷ್ಟು ಮೇಲೇರುತ್ತಿತ್ತು, ಚಾಚಿದ ಕೈ ತಾನಾಗಿ ವಾಪಸು ಬರುತ್ತಿತ್ತು. ಅತ್ತೆ ಮಾವ ಇದ್ದ ಕಾಲದಲ್ಲಿ ಅವರೂ ಇದಕ್ಕೆ ಒಗ್ಗಿಕೊಂಡಿದ್ದರು. ಮಗಳು ಒಬ್ಬಳೇ ಆಗಾಗ ಸಿಡುಕುತ್ತಿದ್ದಳು: "ಅಮ್ಮ, ಬೈಯೋದಾದ್ರೆ ಬಾಯಲ್ಲಿ ಬೈಯಿ. ಹೀಗೆ ನೋಡಬೇಡ."

ನಿವೃತ್ತಿಯಾದ ಮೊದಲ ಎರಡು ತಿಂಗಳಲ್ಲಿ ಸಿಸ್ಟರ್ ಅಡುಗೆಮನೆಯ ಡಬ್ಬಿಗಳಿಗೆ ಮೂರು ಸಲ ಚೀಟಿ ಅಂಟಿಸಿದರು, ಗಂಡನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಆತನಿಗೆ ಯಾವುದೂ ಸಿಗದಂತೆ ಮಾಡಿದರು. ಮನೆಯ ಇಬ್ಬರೂ ಹುಚ್ಚರಾಗುವ ಮೊದಲೇ ಪುಣ್ಯಕ್ಕೆ ಹಳೆಯ ಡಾಕ್ಟರೊಬ್ಬರು ಫೋನ್ ಮಾಡಿದರು. ಹೃದಯದ ರೋಗಿಗಳಿಗಾಗಿ ಮೊಬೈಲ್ ಆ್ಯಪ್ ಮಾಡುವ ಒಂದು ಸಣ್ಣ ಕಂಪನಿ ಇದೆ, ಅವರಿಗೆ ರೋಗಿಗಳ ಜೊತೆ ಕೂರುವ ಒಬ್ಬರು ಬೇಕು, ಹೋಗಿ ನೋಡಿ ಅಂದರು. ಮೊಬೈಲ್ ಎಂದರೆ ಮೂಗು ಮುರಿಯುತ್ತಿದ್ದ ಸಿಸ್ಟರ್ ಮರುದಿನವೇ ಚಪ್ಪಲಿ ಮೆಟ್ಟಿ ಹೊರಟರು.

ಕಂಪನಿ ಇದ್ದದ್ದು ಕುರ್ಚಿ ಮೇಜಿನ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ. ಹನ್ನೆರಡು ಜನ, ಹನ್ನೆರಡು ಜನರ ಕಿವಿಯಲ್ಲೂ ಇಯರ್‌ಫೋನಿನ ಬಿರಡೆ. ಎಲ್ಲರಿಗೂ ಮೇಲಿನವರು ಒಬ್ಬ ಮ್ಯಾನೇಜರ್. ಬಾಯಿ ಬಿಟ್ಟರೆ ತಾರೀಖು ಬಿಟ್ಟು ಬೇರೇನೂ ಬರುತ್ತಿರಲಿಲ್ಲವಾದ್ದರಿಂದ ಅವರ ಹೆಸರು ಕ್ಯಾಲೆಂಡರ್ ಎಂದೇ ಆಗಿಹೋಗಿತ್ತು. ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಚಿತ್ರ ಬರೆಯುವವಳು ಒಬ್ಬ ಹುಡುಗಿ. ಸದಾ ತುರುಬಿಗೆ ಪೆನ್ಸಿಲ್ ಚುಚ್ಚಿಕೊಂಡಿರುತ್ತಿದ್ದಳು, ಆಮೇಲೆ ಅದನ್ನೇ ಮೇಜಿನ ಕೆಳಗೆಲ್ಲ ಹುಡುಕುತ್ತಿದ್ದಳು. ಅವಳು ಪೆನ್ಸಿಲ್.

ಕೆಲಸವನ್ನು ವಿವರಿಸಿದವಳು ಪೆನ್ಸಿಲ್. ಮೂಲೆಯಲ್ಲಿ ಒಂದು ಪುಟ್ಟ ಕೋಣೆ, ಒಂದು ಮೇಜು, ಎದುರುಬದುರು ಎರಡು ಕುರ್ಚಿ, ನೀರಿನ ಜಗ್ಗು. ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು. ಸೂರಿನಿಂದ ಇಳಿಬಿಟ್ಟ ಕ್ಯಾಮೆರಾ ಕೆಳಗೆ ನೋಡುತ್ತದೆ. ಅದರಲ್ಲಿ ಕಾಣುವುದು ಫೋನು ಮತ್ತು ರೋಗಿಯ ಬೆರಳು ಮಾತ್ರ. ಸಿಸ್ಟರ್ ಒಂದು ಚೀಟಿ ಓದಿ ರೋಗಿಗೆ ಒಂದು ಕೆಲಸ ಹೇಳಬೇಕು. ಆಮೇಲೆ ಸುಮ್ಮನೆ ಕೂರಬೇಕು.

"ಸಹಾಯ ಮಾಡೋ ಹಾಗಿಲ್ಲ ಸಿಸ್ಟರ್, ಒಂಚೂರೂ ಇಲ್ಲ," ಅಂದಳು ಪೆನ್ಸಿಲ್. "ಅವರು ತಪ್ಪು ಮಾಡ್ತಿದ್ರೂ ಬಿಡಬೇಕು. ಅವರು ತಪ್ಪು ಮಾಡಿದ್ರೇನೇ ನಾನೆಲ್ಲಿ ತಪ್ಪು ಮಾಡಿದೀನಿ ಅಂತ ನನಗೆ ಗೊತ್ತಾಗೋದು."

"ರೋಗಿ ಒದ್ದಾಡ್ತಿದ್ರೂ?"

"ಒದ್ದಾಡ್ತಿದ್ರೂ."

ಸಿಸ್ಟರ್‌ಗೆ ಇದು ನುಂಗಲಾರದ ತುತ್ತಾಯಿತು. ಆದರೆ ವಾರ್ಡಿನ ಶಿಸ್ತು ಬಲ್ಲವರು, ನಿಯಮ ಎಂದರೆ ನಿಯಮ. ಬಾಯಿಗೆ ಬೀಗ ಹಾಕಿಕೊಂಡರು. ಕೈ ತೋರಿಸಿಬಿಟ್ಟೇನು ಎಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ಕಣ್ಣಿನ ಬಗ್ಗೆ ಪೆನ್ಸಿಲ್ ಏನೂ ಹೇಳಿರಲಿಲ್ಲ, ಸಿಸ್ಟರ್‌ಗೂ ಹೊಳೆಯಲಿಲ್ಲ.

ಆ್ಯಪ್ ಇದ್ದದ್ದು ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ. ಹೃದಯದ ಕವಾಟ ಬದಲಾಯಿಸಿಕೊಂಡವರು ಈ ಮಾತ್ರೆಯನ್ನು ಜೀವನವಿಡೀ ನುಂಗಬೇಕು. ಆದರೆ ಇಷ್ಟೇ ಎಂದು ನಿಗದಿಯಿಲ್ಲ, ರಕ್ತಪರೀಕ್ಷೆ ನೋಡಿ ಡಾಕ್ಟರು ಆಗಾಗ ಪ್ರಮಾಣ ಬದಲಿಸುತ್ತಾರೆ. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಒಳಗೆಲ್ಲೋ ಸೋರಲು ಶುರುವಾಗುತ್ತದೆ. ಪೆನ್ಸಿಲ್ ಬರೆದ ಪರದೆಯಲ್ಲಿ ಹೊಸ ಪ್ರಮಾಣ ಬಂದಾಗ ಮೇಲ್ಗಡೆ ತೆಳ್ಳಗೆ ಒಂದು ಹಳದಿ ಪಟ್ಟಿ ಮೂಡುತ್ತಿತ್ತು. ಅದನ್ನು ಮುಟ್ಟಿದರೆ ಡಾಕ್ಟರ ಮಾತು ತೆರೆದುಕೊಳ್ಳುತ್ತಿತ್ತು, ಪಾಸಾಗಲು ರೋಗಿ ಮಾಡಬೇಕಾದದ್ದು ಇಷ್ಟೇ. ಕೆಳಗಡೆ ಪರದೆಯ ಅರ್ಧದಷ್ಟು ದೊಡ್ಡದಾದ ಹಸಿರು ಗುಂಡಿ: 'ಇವತ್ತಿನ ಮಾತ್ರೆ ತೆಗೆದುಕೊಂಡೆ'.

ಸಿಸ್ಟರ್‌ಗಿಂತ ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದವನು ಲೆಕ್ಕಪತ್ರ ವಿಭಾಗದಿಂದ ಎರವಲು ತಂದ ಒಬ್ಬ ಗಂಟುಮುಖದ ಗುಮಾಸ್ತ. ಅವನೆದುರು ಕೂತ ಎಂಟು ರೋಗಿಗಳಲ್ಲಿ ಐವರು ಹಳದಿ ಪಟ್ಟಿಯನ್ನು ನೋಡಲೇ ಇಲ್ಲ. ನೇರ ಹಸಿರು ಗುಂಡಿ ಒತ್ತಿ, ಕೆಲಸ ಮುಗಿಯಿತು ಎಂದು ನಕ್ಕರು. ಪೆನ್ಸಿಲ್ ತಲೆ ಕೆಡಿಸಿಕೊಂಡು ಬೇರೊಂದು ಪರದೆ ಬರೆಯಲು ಕೂತಿದ್ದಳು. ಅಷ್ಟರಲ್ಲಿ ಸಿಸ್ಟರ್ ಬಂದರು. ಸಿಸ್ಟರ್ ಎದುರು ಕೂತ ಮೊದಲ ರೋಗಿ ಪಾಸು. ಎರಡನೆಯವರು ಪಾಸು. ಹತ್ತು, ಇಪ್ಪತ್ತು, ಮೂವತ್ತು ದಾಟಿದರೂ ಫೇಲಾದವರಿಲ್ಲ. ರೋಗಿಗಳು ಗುಮಾಸ್ತನ ಮುಖ ಕಂಡು ಹೆದರಿದ್ದರು, ಪರದೆ ಸರಿಯಾಗಿಯೇ ಇತ್ತು ಎಂದು ಎಲ್ಲರೂ ಒಪ್ಪಿಕೊಂಡರು. ಕ್ಯಾಲೆಂಡರ್ ಬಂದು ಪೆನ್ಸಿಲ್ ಬೆನ್ನು ತಟ್ಟಿದರು, ಅವಳ ಅರ್ಧ ಬರೆದ ಹೊಸ ಪರದೆ ಡ್ರಾಯರ್ ಸೇರಿತು. ಅಂದಿನಿಂದ ಸಿಸ್ಟರ್ ಬಾಗಿಲಲ್ಲಿ ಕಂಡರೆ ಹನ್ನೆರಡು ಜನರೂ ಕಿವಿಯ ಬಿರಡೆ ತೆಗೆದು ಮಾತಾಡಿಸುತ್ತಿದ್ದರು. ಸಿಸ್ಟರ್‌ಗೆ ಇದು ಇಷ್ಟವಾಗಿತ್ತು. ಇಷ್ಟವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಲವತ್ತೊಂದು ಮಂದಿ ಪಾಸಾದ ಮೇಲೆ ಅವರಲ್ಲೇ ಹತ್ತು ಜನರನ್ನು ಆರಿಸಿ, ಆ್ಯಪ್ ಹಾಕಿದ ಫೋನು ಕೊಟ್ಟು ಮನೆಗೆ ಕಳಿಸಿದರು. ಒಂದು ತಿಂಗಳು ಮನೆಯಲ್ಲೇ ಬಳಸಿ ನೋಡಲಿ ಎಂದು. ಪ್ರಮಾಣ ಬದಲಾದಾಗ ಕ್ಲಿನಿಕ್‌ನಿಂದ ಫೋನ್ ಮಾಡಿ ತಿಳಿಸುವ ಪದ್ಧತಿಯನ್ನು ಈ ಹತ್ತು ಜನರ ಮಟ್ಟಿಗೆ ನಿಲ್ಲಿಸಲಾಯಿತು, ಆ್ಯಪ್ ಇದೆಯಲ್ಲ.

ಆ ಹತ್ತರಲ್ಲಿ ಒಬ್ಬರು ಲಿಫ್ಟಿನವರು. ದೊಡ್ಡ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿ ನಿವೃತ್ತರಾದವರು. ಈಗಲೂ ಯಾವ ಬಾಗಿಲು ತೆರೆದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡುವ ಅಭ್ಯಾಸ. ಆಪರೇಶನ್ ಆದ ಮೇಲೆ ಸಿಸ್ಟರ್ ವಾರ್ಡಿನಲ್ಲೇ ಮಲಗಿದ್ದವರು, ಹಳೇ ಪರಿಚಯ. "ಬಟನ್ ಒತ್ತೋದು ನನಗೆ ಹೇಳಿಕೊಡಬೇಕಾ ಸಿಸ್ಟರ್? ಅದೇ ಮಾಡಿ ಬದುಕಿದೋನು," ಎನ್ನುತ್ತ ಬಂದು ಕೂತಿದ್ದರು. ಒಮ್ಮೆ ಸಿಸ್ಟರ್ ಮುಖ ನೋಡಿ, ಬೆರಳನ್ನು ಸೀದಾ ಹಳದಿ ಪಟ್ಟಿಯ ಮೇಲಿಟ್ಟಿದ್ದರು. ಹನ್ನೊಂದು ಸೆಕೆಂಡು. ಅದು ಆ ತಿಂಗಳ ದಾಖಲೆ.

ಇದಾದ ಮೇಲೆ ಸಿಸ್ಟರ್ ಎಡಗಣ್ಣಿಗೆ ಪೊರೆಯ ಆಪರೇಶನ್ ಆಯಿತು. ಒಂದು ವಾರ ಕಪ್ಪು ಕನ್ನಡಕ ತೆಗೆಯಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಪರೀಕ್ಷೆಗೆ ಆರು ಜನರಿಗೆ ಮೊದಲೇ ದಿನ ಕೊಟ್ಟಾಗಿತ್ತು, ರಜೆ ಹಾಕುವುದು ಸಿಸ್ಟರ್ ಜಾಯಮಾನವಲ್ಲ. ಕನ್ನಡಕ ಹಾಕಿಕೊಂಡೇ ಬಂದು ಕೂತರು.

ಸೋಮವಾರ ಬಂದವರು ಹಸಿರು ಗುಂಡಿ ಒತ್ತಿದರು. ಮಂಗಳವಾರ ಬಂದ ಇಬ್ಬರೂ ಹಸಿರು ಗುಂಡಿಯನ್ನೇ ಒತ್ತಿದರು. ಶುಕ್ರವಾರದ ಹೊತ್ತಿಗೆ ಆರಕ್ಕೆ ಆರೂ ಫೇಲು. "ಈ ವಾರದ ಪೇಶಂಟುಗಳೇ ಸರಿ ಇಲ್ಲ ಬಿಡಿ," ಅಂದರು ಕ್ಯಾಲೆಂಡರ್. ಆ್ಯಪ್ ಬಿಡುಗಡೆಗೆ ಹದಿಮೂರು ದಿನ ಉಳಿದಿತ್ತು, ಪೇಶಂಟುಗಳು ಸರಿ ಇಲ್ಲದಿರುವುದೇ ಅವರಿಗೆ ಅನುಕೂಲವಾಗಿತ್ತು. ಸಿಸ್ಟರ್ ಹೂಂ ಅಂದರು. ಆದರೆ ಆರನೆಯವರಾಗಿ ಬಂದಿದ್ದ ಒಬ್ಬ ಅಜ್ಜಿ ಹೊರಡುವಾಗ ಒಂದು ಮಾತು ಹೇಳಿ ಹೋಗಿದ್ದರು: "ಆ ಕನ್ನಡಕ ತೆಗೆದು ಕೂತ್ಕೊಳ್ಳಮ್ಮ. ಮುಖಾನೇ ಕಾಣಲ್ಲ. ಏನ್ ಮಾಡ್ಬೇಕು ಅಂತ ಹೆಂಗೆ ಗೊತ್ತಾಗ್ಬೇಕು ನಂಗೆ?"

ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಬಸ್ಸಿನಲ್ಲಿ ಮನೆಯವರೆಗೂ ಸಿಸ್ಟರ್ ಜೊತೆ ಬಂತು. ಮನೆ ಸೇರಿದವರೇ ಕೈಚೀಲವನ್ನೂ ಇಳಿಸದೆ ಗಂಡನ ಕೋಣೆಗೆ ಹೋದರು. ಆತ ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಕಿಟಕಿಯ ಪರದೆ ಎಳೆದು, ಕನ್ನಡಕ ತೆಗೆದು, ಆ್ಯಪ್ ಹಾಕಿದ್ದ ತಮ್ಮ ಫೋನನ್ನು ಬಟ್ಟೆಯ ರಾಶಿಗೆ ಒರಗಿಸಿಟ್ಟು ಸಿಸ್ಟರ್ ಎದುರಿಗೆ ಕೂತರು.

"ಡಾಕ್ಟ್ರು ನಿಮ್ಮ ಮಾತ್ರೆ ಬದಲಾಯಿಸಿದಾರೆ. ಅದೇನು ಅಂತ ನೋಡಿ."

ಟೈಲರ್ ಹೆಂಡತಿಯ ಮುಖ ನೋಡಿದ, ಫೋನು ನೋಡಿದ, ಹಳದಿ ಪಟ್ಟಿ ಮುಟ್ಟಿದ. ಈತ ಸ್ವಂತ ಫೋನಿನಲ್ಲಿ ಅಲಾರಂ ಇಡಲು ಮಗಳಿಗೆ ಕರೆ ಮಾಡುವ ಮನುಷ್ಯ.

ಸಿಸ್ಟರ್ ಪರದೆಯನ್ನು ಮೊದಲಿನಂತೆ ಮಾಡಿದರು. ಈ ಸಲ ಅದೇ ಚೀಟಿ ಓದಿ, ಬೇಕೆಂದೇ ಪರದೆಯ ಕೆಳಗಿನ ಬಲಮೂಲೆಯನ್ನು ನೋಡುತ್ತ ಕೂತರು. ಅಲ್ಲಿದ್ದದ್ದು ಫೋನಿನ ಭಾಷೆ ಬದಲಾಯಿಸುವ ಒಂದು ಸಣ್ಣ ಗುರುತು, ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ. ಟೈಲರ್ ಬೆರಳು ಹಳದಿ ಪಟ್ಟಿಯ ತನಕ ಹೋಯಿತು, ನಿಂತಿತು, ಇಳಿದು ಬಂದು ಬಲಮೂಲೆಯನ್ನು ಒತ್ತಿತು.

"ಅದನ್ಯಾಕೆ ಒತ್ತಿದ್ರಿ?" ಎಂದರು ಸಿಸ್ಟರ್.

"ನೀನೇ ಅಲ್ಲಿ ನೋಡ್ತಿದ್ದೆಯಲ್ಲ."

"ನಾನು ನೋಡಿದ್ರೆ ನೀವು ಒತ್ತಬೇಕಾ? ಫೋನ್ ನೋಡ್ಬೇಕು ತಾನೇ?"

"ಫೋನ್ ಯಾಕೆ ನೋಡ್ಲಿ?" ಟೈಲರ್ ಮತ್ತೆ ಸೂಜಿ ಕೈಗೆತ್ತಿಕೊಂಡ. "ಮೂವತ್ತೆಂಟು ವರ್ಷದಿಂದ ನಿನ್ನ ಮುಖ ನೋಡ್ಕೊಂಡೇ ಸಂಸಾರ ಮಾಡಿದೀನಿ. ಇಲ್ಲೀವರೆಗೆ ಏನೂ ಎಡವಟ್ಟಾಗಿಲ್ಲ."

ಸಿಸ್ಟರ್ ನಗಲಿಲ್ಲ. ಅವರಿಗೆ ಆಗ ನೆನಪಾದದ್ದು ಕಚೇರಿಯ ಗೋಡೆಯ ಮೇಲಿನ ಹಾಳೆ. ಮನೆಯಲ್ಲಿ ಆ್ಯಪ್ ಬಳಸುತ್ತಿರುವ ಹತ್ತು ಜನರ ಪಟ್ಟಿ ಅದರಲ್ಲಿತ್ತು. ಲಿಫ್ಟಿನವರ ಸಾಲಿನಲ್ಲಿ, ಸೋಮವಾರದ ಕೆಳಗೆ, 'ಎರಡು ಮಾತ್ರೆಯಿಂದ ಒಂದೂವರೆಗೆ' ಎಂದು ಬರೆದಿತ್ತು. ಅದರ ಮುಂದೆ ಪ್ರತಿದಿನವೂ ಒಂದೊಂದು ಹಸಿರು ಟಿಕ್ಕು. ಬೆಳಿಗ್ಗೆ ತಾನೇ ಸಿಸ್ಟರ್ ಅದನ್ನು ನೋಡಿ, ಎಷ್ಟು ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡಿದ್ದರು. ಈಗ ಅವಸರದಿಂದ ಲಿಫ್ಟಿನವರಿಗೆ ಫೋನ್ ಮಾಡಿದರು.

"ನಿನ್ನೆ ಎಷ್ಟು ಮಾತ್ರೆ ತಗೊಂಡ್ರಿ?"

"ಯಾವಾಗ್ಲೂ ತಗೊಳ್ಳೋದೇ, ಎರಡು. ತಗೊಂಡು ಹಸಿರು ಬಟನ್ ಒತ್ತಿದೀನಿ ಸಿಸ್ಟರ್. ಒಂದು ದಿನಾನೂ ಬಿಟ್ಟಿಲ್ಲ."

"ಮೇಲುಗಡೆ ಹಳದಿ ಪಟ್ಟಿ ಇದೆಯಾ?"

ಆ ಕಡೆ ಆ್ಯಪಿನ ಫೋನು ಎತ್ತಿಕೊಂಡ ಸದ್ದಾಯಿತು. "ಇದೆ. ಅದು ಜಾಹೀರಾತೇನೋ ಅಂದ್ಕೊಂಡೆ."

"ಹಲ್ಲುಜ್ಜುವಾಗ ರಕ್ತ ಬರ್ತಿದೆಯಾ? ಮೈ ಮೇಲೆ ಎಲ್ಲಾದ್ರೂ ನೀಲಿ ಕಲೆ?"

"ಹಲ್ಲಿಂದ ಎರಡು ದಿನದಿಂದ ಬರ್ತಿದೆ. ತೋಳ ಮೇಲೆ ಒಂದು ಕಲೆ ಇದೆ, ಎಲ್ಲಿ ತಗುಲಿಸ್ಕೊಂಡೆ ಅಂತಲೇ ಗೊತ್ತಿಲ್ಲ. ಯಾಕೆ ಸಿಸ್ಟರ್?"

ಇವತ್ತಿನ ಮಾತ್ರೆ ಮುಟ್ಟಬೇಡಿ, ಈಗಿಂದೀಗಲೇ ಆಸ್ಪತ್ರೆಗೆ ಹೊರಡಿ ಎಂದು ಹೇಳಿ ಸಿಸ್ಟರ್ ತಾವೂ ಹೊರಟರು. ದಾರಿಯಲ್ಲೇ ಪೆನ್ಸಿಲ್‌ಗೆ ಕರೆ ಮಾಡಿ, ಉಳಿದ ಒಂಬತ್ತು ಜನರಿಗೂ ಕ್ಲಿನಿಕ್‌ನಿಂದ ಕೂಡಲೇ ಫೋನ್ ಮಾಡಿಸು, ಯಾಕೆಂದು ಆಮೇಲೆ ಹೇಳುತ್ತೇನೆ ಅಂದರು. ಆ ಒಂಬತ್ತು ಜನರಲ್ಲಿ ಇಬ್ಬರಿಗೆ ಆ ವಾರ ಪ್ರಮಾಣ ಬದಲಾಗಿತ್ತು. ಇಬ್ಬರೂ ಹಳೆಯದನ್ನೇ ನುಂಗುತ್ತಿದ್ದರು, ಇಬ್ಬರ ಸಾಲಿನಲ್ಲೂ ಟಿಕ್ಕುಗಳಿದ್ದವು.

ಆಸ್ಪತ್ರೆಯಲ್ಲಿ ಲಿಫ್ಟಿನವರ ರಕ್ತ ನೋಡಿದ ಡಾಕ್ಟರು, ಇನ್ನು ಮೂರು ನಾಲ್ಕು ದಿನ ಹೀಗೇ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಮಾತ್ರೆ ನಿಲ್ಲಿಸಿ, ಎರಡು ದಿನ ಇಟ್ಟುಕೊಂಡು ಕಳಿಸುತ್ತೇವೆ ಅಂದರು. ಮಂಚದ ಪಕ್ಕ ಕೂತ ಸಿಸ್ಟರ್ ಕೈಯನ್ನು ಲಿಫ್ಟಿನವರು ಹಿಡಿದುಕೊಂಡರು.

"ನಂದೇ ತಪ್ಪು ಸಿಸ್ಟರ್. ನಿಮ್ಮ ಮುಂದೆ ಅಷ್ಟು ಚೆನ್ನಾಗಿ ಮಾಡಿದ್ದೆ. ಮನೇಲಿ ಹೇಗೆ ಮರ್ತೆ ಅಂತಾನೇ ಗೊತ್ತಾಗ್ತಿಲ್ಲ. ವಯಸ್ಸಾಯ್ತು ನೋಡಿ. ನಿಮಗೆ ಕೆಟ್ಟ ಹೆಸರು ತಂದೆನಾ?"

ಬೈದಿದ್ದರೆ ಸಿಸ್ಟರ್ ಹೇಗೋ ತಡೆದುಕೊಳ್ಳುತ್ತಿದ್ದರು. ಈ ಮಾತು ತಡೆಯಲಾಗಲಿಲ್ಲ. ನೀರು ತರುವ ನೆಪದಲ್ಲಿ ಎದ್ದು ಹೊರಗೆ ಬಂದು, ಗೋಡೆಗೆ ಒರಗಿ ನಿಂತರು.

ಶನಿವಾರ, ಭಾನುವಾರ ಎರಡು ದಿನ ಅವರು ಮನೆಯಲ್ಲಿ ಒಂದು ಲೋಟವನ್ನೂ ಸದ್ದಾಗುವಂತೆ ಇಡಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕ್ಯಾಮೆರಾದಲ್ಲಿ ಅವರ ಮುಖವಿಲ್ಲ. ಲಿಫ್ಟಿನವರು ತಪ್ಪನ್ನು ತಾವೇ ಮೈಮೇಲೆ ಹಾಕಿಕೊಂಡಿದ್ದಾರೆ, ಉಳಿದಿಬ್ಬರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಹೇಳಿದರೆ? ನಲವತ್ತೊಂದು ಪಾಸೂ ಸುಳ್ಳಾಗುತ್ತವೆ. ಬಾಗಿಲಲ್ಲಿ ಕಂಡರೆ ಬಿರಡೆ ತೆಗೆಯುವವರು ಇನ್ನು ತೆಗೆಯಲಾರರು. ಮತ್ತೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಮನೆಯಲ್ಲಿ ಕೂರಬೇಕಾಗುತ್ತದೆ. ಸಿಸ್ಟರ್‌ಗೆ ನಿಜಕ್ಕೂ ಭಯವಾಯಿತು. ಆದರೆ ಹೇಳದಿದ್ದರೆ ಹತ್ತು ಜನರ ಕೈಯಲ್ಲಿದ್ದ ಹಸಿರು ಗುಂಡಿ ಇನ್ನು ಹನ್ನೊಂದು ದಿನದಲ್ಲಿ ಎಷ್ಟೋ ಸಾವಿರ ಜನರ ಕೈಗೆ ಹೋಗುತ್ತದೆ. ಭಯ ಅಲ್ಲಿಗೆ ಮುಗಿಯಿತು ಎನ್ನುವ ಹಾಗಿಲ್ಲ. ಭಯ ಇಟ್ಟುಕೊಂಡೇ ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರು. ಕಪ್ಪು ಕನ್ನಡಕದ ವಾರ ಮುಗಿದಿತ್ತು.

ಮೊದಲು ಪೆನ್ಸಿಲ್ ಕಿವಿಯಲ್ಲಿ ಎಲ್ಲ ಹೇಳಿದರು. ಅವಳು ತನ್ನ ಫೋನನ್ನೇ ಜಗ್ಗಿಗೆ ಒರಗಿಸಿ, ಸಿಸ್ಟರ್ ಮುಖ ಕಾಣುವ ಹಾಗೆ ಇನ್ನೊಂದು ಕ್ಯಾಮೆರಾ ಮಾಡಿದಳು. ಅವತ್ತು ಬಂದಿದ್ದ ಇಬ್ಬರು ರೋಗಿಗಳನ್ನು ಎಂದಿನಂತೆ ಕೂರಿಸಿದರು. ಇಬ್ಬರೂ ಪಾಸು. ಮಧ್ಯಾಹ್ನ ಎಲ್ಲರನ್ನೂ ಕರೆದು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಓಡಿಸಿದರು. ಒಂದರಲ್ಲಿ ಬೆರಳು, ಒಂದರಲ್ಲಿ ಸಿಸ್ಟರ್. ಚೀಟಿ ಓದಿದ ಆರನೇ ಸೆಕೆಂಡಿಗೆ ಸಿಸ್ಟರ್ ರೆಪ್ಪೆ ಮೇಲೇಳುತ್ತದೆ, ಕಣ್ಣು ಹಳದಿ ಪಟ್ಟಿಯ ಮೇಲೆ ನಿಲ್ಲುತ್ತದೆ. ಎಂಟನೇ ಸೆಕೆಂಡಿಗೆ ಬೆರಳು ಅಲ್ಲಿಗೆ ಬರುತ್ತದೆ. ಬಂದ ಕೂಡಲೇ ಸಿಸ್ಟರ್ ಹುಬ್ಬು ಸಡಿಲಗೊಳ್ಳುತ್ತದೆ, ಬೆರಳು ಒತ್ತುತ್ತದೆ. ಎರಡನೇ ರೋಗಿಗೂ ಹಾಗೆಯೇ. ತಮ್ಮ ಮುಖ ಹೀಗೆಲ್ಲ ಮಾತಾಡುವುದನ್ನು ಸಿಸ್ಟರ್ ಜೀವನದಲ್ಲಿ ಮೊದಲ ಸಲ ನೋಡಿದರು, ನಾಚಿಕೆಯಿಂದ ಕುಗ್ಗಿಹೋದರು.

"ನಾನು ಬೇಕು ಅಂತ ಮಾಡಿದ್ದಲ್ಲ," ಅಂದರು. "ಆದ್ರೆ ನಲವತ್ತೊಂದು ಜನಕ್ಕೂ ನಾನೇ ತೋರಿಸಿಕೊಟ್ಟಿದೀನಿ. ಅವರು ಪಾಸಾಗಿದ್ದು ನನ್ನ ಮುಖ ನೋಡಿ, ನಿಮ್ಮ ಆ್ಯಪ್ ನೋಡಿ ಅಲ್ಲ."

ಕ್ಯಾಲೆಂಡರ್ ಬೆರಳಿನಿಂದ ಮೇಜು ಕುಟ್ಟುತ್ತ ಕೂತಿದ್ದರು. "ಹತ್ತು ದಿನ ಇದೆ ಸಿಸ್ಟರ್. ಎಲ್ಲರಿಗೂ ಹೇಳಿ ಆಗಿದೆ. ಆ ಪಟ್ಟಿಯನ್ನ ಸ್ವಲ್ಪ ದಪ್ಪ ಮಾಡಿದ್ರೆ ಸಾಕಾಗಲ್ವಾ?"

"ನನಗೆ ಗೊತ್ತಿಲ್ಲ ಸಾರ್. ಲಿಫ್ಟಿನವರ ತೋಳಿನ ಮೇಲೆ ಇಷ್ಟಗಲ ಕಲೆ ಇದೆ. ನೀವು ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ನಿಮಗೆ ಯಾವ ತಾರೀಖು ಬೇಕೋ ಹಾಕಿ."

ಸಿಸ್ಟರ್ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕ್ಯಾಲೆಂಡರ್ ಅವರ ಮರ್ಯಾದೆಗೆ ಒಂದು ಮಾತು ಹೇಳಬೇಕು: ಅವರು ಅಂದೇ ಸಂಜೆ ಹೋಗಿ ನೋಡಿಕೊಂಡು ಬಂದರು. ಮರುದಿನ ಗೋಡೆಯ ಮೇಲಿದ್ದ ಬಿಡುಗಡೆಯ ತಾರೀಖನ್ನು ಒರೆಸಿದರು, ಹೊಸದನ್ನು ಬರೆಯಲಿಲ್ಲ. ಹತ್ತು ಫೋನುಗಳೂ ವಾಪಸು ಬಂದವು. ಸಿಸ್ಟರ್ ನಲವತ್ತೊಂದು ಹಾಳೆಗಳನ್ನೂ ಎದುರಿಗಿಟ್ಟುಕೊಂಡು ತಾವೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಕೆಳಗೆ ಸಹಿ ಹಾಕಿದರು. ಆಮೇಲೆ ಕೈಚೀಲ ಎತ್ತಿಕೊಂಡು ಹೊರಟು ನಿಂತರು.

"ಎಲ್ಲಿಗೆ?" ಪೆನ್ಸಿಲ್ ಅಡ್ಡ ಬಂದಳು. "ನಂಗೆ ಇವಾಗ್ಲೇ ನೀವು ಬೇಕಾಗಿರೋದು. ಆದ್ರೆ ಅವರ ಕಡೆ ಮುಖ ಮಾಡಿ ಕೂರಬೇಡಿ."

ಪರೀಕ್ಷೆಯ ಕೋಣೆಯಲ್ಲಿ ಎದುರುಬದುರಿದ್ದ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಿರುಗಿಸಿದರು. ಸಿಸ್ಟರ್ ಚೀಟಿ ಓದಿ, ಗೋಡೆ ನೋಡುತ್ತ ಕೂರುವುದು. ರೋಗಿ ಏನು ಕೇಳಿದರೂ, ಮುಗಿಯಿತು ಎಂದು ಆತನೇ ಹೇಳುವ ತನಕ ಉತ್ತರ ಕೊಡುವಂತಿಲ್ಲ. ಹಳೆಯ ಪರದೆಯ ಮುಂದೆ ಹನ್ನೆರಡು ರೋಗಿಗಳು ಕೂತರು, ಹನ್ನೊಂದು ಜನ ಹಸಿರು ಗುಂಡಿ ಒತ್ತಿದರು. ಪೆನ್ಸಿಲ್ ಒಂದು ಮಧ್ಯಾಹ್ನ ಶೌಚಾಲಯಕ್ಕೆ ಹೋಗಿ ಅತ್ತು ಬಂದು, ಡ್ರಾಯರ್ ತೆಗೆದಳು.

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಲಿಫ್ಟಿನವರನ್ನು ಅವಳೂ ಸಿಸ್ಟರೂ ಹೋಗಿ ಮಾತಾಡಿಸಿದ್ದು ಆಗಲೇ. ನಡೆದದ್ದನ್ನೆಲ್ಲ ಸಿಸ್ಟರ್ ಬಿಡಿಸಿ ಹೇಳಿದರು, ನಿಮ್ಮದೇನೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದರು. ಅವರು ಯೋಚನೆ ಮಾಡಿ ಕೇಳಿದರು: "ಅಲ್ಲಮ್ಮ, ನಮ್ಮ ಲಿಫ್ಟಲ್ಲಿ ಬಾಗಿಲು ಪೂರ್ತಿ ಮುಚ್ಚದೆ ಬಟನ್ ಒತ್ತಿದ್ರೆ ಅದು ಹೊರಡೋದೇ ಇಲ್ಲ. ತಲೆಕೆಳಗಾಗಿ ನಿಂತ್ರೂ ಹೊರಡಲ್ಲ. ಡಾಕ್ಟ್ರ ಮಾತು ನಾನು ಓದೇ ಇಲ್ಲ, ನಿಮ್ಮ ಹಸಿರು ಬಟನ್ ಹೆಂಗೆ ಒತ್ತೋಕೆ ಬಿಡ್ತು?"

ಪೆನ್ಸಿಲ್ ತುರುಬಿನಿಂದ ಪೆನ್ಸಿಲ್ ಕಿತ್ತು, ಅವರ ಮನೆಯ ದಿನಪತ್ರಿಕೆಯ ಅಂಚಿನಲ್ಲೇ ಬರೆದುಕೊಳ್ಳತೊಡಗಿದಳು.

ಹೊಸ ಪರದೆಗೆ ಎರಡು ತಿಂಗಳು ಹಿಡಿಯಿತು. ಪ್ರಮಾಣ ಬದಲಾದ ದಿನ ಅದರಲ್ಲಿ ಹಸಿರು ಗುಂಡಿ ಇರುವುದೇ ಇಲ್ಲ. ಪರದೆ ತುಂಬ ಒಂದೇ ಮಾತು: ಇಂದಿನಿಂದ ಇಷ್ಟು. ಕೆಳಗೆ ಮಾತ್ರೆಗಳ ಚಿತ್ರ, ನಿಜವಾದ ಮಾತ್ರೆಯಷ್ಟೇ ಗಾತ್ರ, ಅರ್ಧ ಮಾತ್ರೆಯಾದರೆ ಮುರಿದ ಅರ್ಧ. ಒಂದೊಂದನ್ನೂ ಮುಟ್ಟಿದಾಗ ಅದಕ್ಕೆ ದೀಪ ಹತ್ತುತ್ತದೆ. ಎಲ್ಲ ದೀಪ ಹತ್ತಿದ ಮೇಲಷ್ಟೇ ಹಸಿರು ಗುಂಡಿ ಬರುತ್ತದೆ. ಬೆನ್ನಿಗೆ ಬೆನ್ನು ಕೂತು ಮೂವತ್ತು ಜನರನ್ನು ನೋಡಿದರು. ಮೊದಲು ನಾಲ್ಕು ಜನ ತಡವರಿಸಿದರು. ಪೆನ್ಸಿಲ್ ತಿದ್ದಿದಳು, ಮತ್ತೆ ಕೂರಿಸಿದಳು. ಸಿಸ್ಟರ್ ಬರೆದ ಹಾಳೆಗಳಲ್ಲಿ ಈಗ ಫೇಲು ಎಂಬ ಮಾತು ಬಹಳ ಸಲ ಇತ್ತು, ಅದನ್ನು ಅವಳು ಒಂದೂ ಬಿಡದೆ ಓದುತ್ತಿದ್ದಳು.

ಮೂವತ್ತೊಂದನೆಯವರಾಗಿ ಲಿಫ್ಟಿನವರು ಬಂದರು. ಕೋಣೆಯ ಬಾಗಿಲಲ್ಲಿ ಪಕ್ಕಕ್ಕೆ ಸರಿದು ಸಿಸ್ಟರ್‌ಗೆ ದಾರಿ ಬಿಟ್ಟರು. ಸ್ವಲ್ಪ ಬಡವಾಗಿದ್ದರು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತರು. ನಿಯಮವನ್ನು ಸಿಸ್ಟರ್ ಎಲ್ಲರಿಗೂ ಹೇಳುವಂತೆ ಇವರಿಗೂ ಹೇಳಿದರು, ಆಮೇಲೆ ಚೀಟಿ ಓದಿದರು.

ಎದುರಿಗಿದ್ದದ್ದು ಬರೀ ಗೋಡೆ. ಹಿಂದೆ ಕುರ್ಚಿ ಕಿರುಗುಟ್ಟಿತು, ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು.

"ಸಿಸ್ಟರ್?" ಎಂದರು ಲಿಫ್ಟಿನವರು. ಸದ್ದಿಲ್ಲ. ಅಭ್ಯಾಸ ಬಲದಿಂದ ಕೇಳಿದ್ದು ಅದು, ನಿಯಮ ಅವರಿಗೂ ಗೊತ್ತಿತ್ತು. ಆದರೂ ಇನ್ನೊಮ್ಮೆ, ಸ್ವಲ್ಪ ಸಣ್ಣ ದನಿಯಲ್ಲಿ ಕೇಳಿದರು: "ಸಿಸ್ಟರ್, ಇದ್ದೀರಾ?"

ಮೂವತ್ತನಾಲ್ಕು ವರ್ಷದಲ್ಲಿ ರೋಗಿಯೊಬ್ಬ ಕರೆದಾಗ ಸಿಸ್ಟರ್ ಓಗೊಡದೆ ಇದ್ದದ್ದಿಲ್ಲ. ಉಂಡ ಕೈಯಲ್ಲಿ ಎದ್ದು ಹೋಗಿದ್ದಾರೆ, ಮಗಳಿಗೆ ಜ್ವರ ಬಂದಾಗ ಅವಳನ್ನು ಬಿಟ್ಟು ಹೋಗಿದ್ದಾರೆ. ಈಗ ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗೋಡೆಯ ಸುಣ್ಣದ ಬಿರುಕನ್ನೇ ನೋಡುತ್ತ ಕೂತರು. ಕತ್ತು ತಾನಾಗಿ ತಿರುಗಲು ಹೊರಟದ್ದನ್ನು ಎರಡು ಸಲ ತಡೆದರು. ಅದು ಅವರು ಮಾಡಿದ ಎಲ್ಲ ಕೆಲಸಗಳಿಗಿಂತ ಕಷ್ಟದ್ದಾಗಿತ್ತು.

ಹಿಂದಿನಿಂದ ಲಿಫ್ಟಿನವರು ತಮ್ಮಷ್ಟಕ್ಕೆ ಓದಿಕೊಳ್ಳುವುದು ಕೇಳಿಸಿತು. "ಇಂದಿನಿಂದ... ಒಂದೂವರೆ. ಎರಡಲ್ಲ, ಒಂದೂವರೆ." ಟಿಕ್ ಎಂದು ಒಂದು ಸದ್ದು, ಒಂದು ಮಾತ್ರೆ. ಇನ್ನೊಂದು ಟಿಕ್, ಅದರ ಅರ್ಧ. ಆಮೇಲೆ ಹಸಿರು ಗುಂಡಿಯ ದೊಡ್ಡ ಸದ್ದು.

"ಮುಗೀತು ಸಿಸ್ಟರ್," ಎಂದರು ಲಿಫ್ಟಿನವರು. ದನಿಯಲ್ಲಿ ಗೆದ್ದವರ ಗತ್ತಿತ್ತು. "ನೋಡಿದ್ರಾ? ನೀವು ಇಲ್ದೇನೇ ಆಗೋಯ್ತು."

ಸಿಸ್ಟರ್ ಹಾಳೆಯಲ್ಲಿ ನಲವತ್ತಾರು ಸೆಕೆಂಡು ಎಂದು ಬರೆದರು. ಸಹಾಯ ಎಂಬುದರ ಮುಂದೆ, ಇಲ್ಲ ಎಂದು ಬರೆದರು. ಬಹಳ ಸಂತೋಷವಾಗಿತ್ತು ಅವರಿಗೆ, ಅಷ್ಟೇ ದುಃಖವೂ ಆಗಿತ್ತು. ಕಣ್ಣು ತುಂಬಿ ಬಂದು ಅಕ್ಷರ ಕಾಣದಾಯಿತು.

"ಈಗ ಈ ಕಡೆ ತಿರುಗಬಹುದಲ್ವಾ ಸಿಸ್ಟರ್?"

"ಒಂದೇ ನಿಮಿಷ ಇರಿ," ಎಂದರು ಸಿಸ್ಟರ್.